ಬಾಗಿಲು ಕಾಯುವವನ ಸರದಿ

ನನ್ನ ನೌಕರಿ ಏನೆಂದು ನನ್ನ ತಾಯಿಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ನಮ್ಮೂರು ವಲಾಂಡಿಯಲ್ಲಿ ಯಾರಾದರೂ ಕೇಳಿದರೆ, "ನಮ್ಮ ಮಹಾದೇವಿ ಪುಣೇದಾಗ ಆಟ ಆಡತಾಳ್ರಿ, ಅದಕ್ಕ ಪಗಾರ ಕೊಡತಾರ" ಎಂದುಬಿಡುತ್ತಿದ್ದಳು. ಕೇಳಿದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಬಡ್ಡೀ ಏನ್ರಿ?" ಎನ್ನುತ್ತಿದ್ದರು. ಹೊಲದ ಬದು ದಾಟುವಾಗಲೂ ಒಬ್ಬರ ಕೈ ಹಿಡಿಯುವವಳು ನಾನು. ಆದರೂ ತಾಯಿ ಹೇಳಿದ್ದು ಸುಳ್ಳಲ್ಲ. ಆಟ ಆಡಿಯೇ ನಾನು ಅನ್ನ ತಿಂದದ್ದು.

ಈಗ ಈ ಕೆಲಸಕ್ಕೆ ಹೊಸ ಹುಡುಗ ಹುಡುಗಿಯರು ಬರುತ್ತಿದ್ದಾರೆ. ಬಂದವರೆಲ್ಲ ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು. ಅದನ್ನು ಹೇಳಲು ಬೇರೆಯವರಿದ್ದಾರೆ. ನಾನು ಹೇಳುವುದು ಆ ಪಾಠದಲ್ಲಿ ಬಾರದ ಸಂಗತಿ.

ಮೊದಲು ಆಟ ಎಂಥದೆಂದು ಹೇಳಿಬಿಡುತ್ತೇನೆ. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಅವರಲ್ಲಿ ಒಬ್ಬರು ಕಥೆ ನಡೆಸುವವರು, ಅವರನ್ನು ಸೂತ್ರಧಾರ ಎನ್ನುತ್ತೇವೆ. ಉಳಿದವರು ಒಂದು ಬಾಹ್ಯಾಕಾಶ ನೌಕೆಯ ಜನ. ಗ್ರಹದಿಂದ ಗ್ರಹಕ್ಕೆ ಹೋಗಬೇಕು, ಇಳಿಯಬೇಕು, ಅಲ್ಲಿ ಎದುರಾದ ಗಂಡಾಂತರದಿಂದ ಪಾರಾಗಿ ಮರಳಬೇಕು. ಎಲ್ಲವೂ ಬಾಯಿಮಾತಿನಲ್ಲೇ ನಡೆಯುತ್ತದೆ, ಗೆಲುವೋ ಸೋಲೋ ಎಂಬ ಅನುಮಾನ ಬಂದಲ್ಲಿ ದಾಳ ಎಸೆಯುತ್ತೇವೆ. ಆಡುವವರು ಒಂದೊಂದು ವರ್ಗ ಆರಿಸಿಕೊಳ್ಳಬೇಕು. ನಮ್ಮ ಆಟದಲ್ಲಿ ಐದಿದ್ದವು: ಸೈನಿಕ, ಚಾಲಕ, ವೈದ್ಯ, ಯಂತ್ರಗಾರ, ಕಾವಲುಗಾರ. ಒಂದೊಂದಕ್ಕೆ ಒಂದೊಂದು ಬಲ. ಈ ಬಲಗಳು ಸರಿದೂಗದಿದ್ದರೆ ಒಬ್ಬ ಆಡುತ್ತಾನೆ, ಉಳಿದವರು ಅವನ ಆಟ ನೋಡುತ್ತಾರೆ. ಆ ತೂಕ ನೋಡುವುದು ನನ್ನ ಕೆಲಸ.

ನಾನು ಸೇರಿದ್ದು ಪುಣೆಯ ಒಂದು ಸಣ್ಣ ಪ್ರಕಾಶನಕ್ಕೆ, ಪಠ್ಯಪುಸ್ತಕದ ಕರಡು ತಿದ್ದುವವಳಾಗಿ. ಅವರು ಆಟಗಳ ವಿಭಾಗ ತೆರೆದಾಗ ಗಣಿತ ಓದಿದವಳೆಂದು ನನ್ನನ್ನು ಅಲ್ಲಿಗೆ ತಳ್ಳಿದರು. ಮುಖ್ಯಸ್ಥರು ಜೋಶಿ ಸರ್. ತೆಳ್ಳಗೆ, ಎತ್ತರಕ್ಕೆ, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ. ಏನೇ ಹೇಳಲು ಹೋದರೂ ಅವರ ಬಾಯಿಂದ ಬರುವ ಮೊದಲ ಮಾತು, "ಆಕಡೆ ಕಾಯ್ ಮ್ಹಣತಾತ್?" ಅಂಕಿಗಳು ಏನು ಹೇಳುತ್ತವೆ ಎಂದು, ಮರಾಠಿಯಲ್ಲಿ. ಚಹಾ ಚೆನ್ನಾಗಿದೆ ಎಂದರೂ ಅಂಕಿ ಕೇಳಿಯಾರು ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಆಗಿನ ರೀತಿ ಬೇರೆ. ನಾವೇ ಕೂತು ದಾಳ ಎಸೆದು, ಸೈನಿಕ ಎಷ್ಟು ಸಲ ಗೆದ್ದ, ವೈದ್ಯ ಎಷ್ಟು ಸಲ ಸತ್ತ ಎಂದು ಬರೆದುಕೊಳ್ಳುತ್ತಿದ್ದೆವು. ಸಂಜೆಗೆ ಮಣಿಕಟ್ಟು ನೋಯುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂದು ಸಾವಿರಾರು ಸಲ ತಾನೇ ಆಡಿ ತಾನೇ ಲೆಕ್ಕ ಕೊಡತೊಡಗಿತು. ಮಣಿಕಟ್ಟು ಉಳಿಯಿತು. ಆದರೆ ಕಂಪ್ಯೂಟರಿಗೆ ಬೇಸರ ಬರುವುದಿಲ್ಲ ನೋಡಿ, ಜನರಿಗೆ ಬರುತ್ತದೆ. ಅದಕ್ಕೇ ಆಟದ ನಿಯಮಗಳ ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಊರೂರಿಗೆ ಹೋಗಿ ನಿಜವಾದ ಜನರ ಕೈಯಲ್ಲಿ ಆಡಿಸಬೇಕೆಂದು ನಾನು ಹಟ ಹಿಡಿದೆ. ಜೋಶಿ ಸರ್ ನನಗೆ ಕನ್ನಡ ಮಾತಾಡುವ ನಮ್ಮ ಗಡಿ ಸೀಮೆಯನ್ನೇ ಕೊಟ್ಟರು. ಉಮರ್ಗಾ, ನಿಲಂಗಾ, ಉದಗೀರ. ತವರು ತಿರುಗಾಟಕ್ಕೆ ಪಗಾರ ಕೊಟ್ಟಂತಾಯಿತು.

ಉಮರ್ಗಾದಲ್ಲಿ ನಮ್ಮ ಮೇಜು ಹೆದ್ದಾರಿ ಪಕ್ಕದ ಧಾಬಾದ ಹಿಂದಿನ ಕೋಣೆಯಲ್ಲಿತ್ತು. ಆಡಲು ಬಂದವರು ಪಕ್ಕದ ಗ್ಯಾರೇಜಿನವರು, ಲಾರಿಯವರು. ಹುಮ್ಮಸ್ಸಿನ ಜನ. ವರ್ಗ ಆರಿಸಿರಿ ಎಂದೆ. ಒಬ್ಬ ಸೈನಿಕ ಎಂದ. ಎರಡನೆಯವನೂ ಸೈನಿಕ. ಕೊನೆಯವನವರೆಗೆ ಎಲ್ಲರೂ ಸೈನಿಕರೇ. ಜನ ಆರಿಸಿದ್ದನ್ನು ಬದಲಿಸಬಾರದು ಎಂಬುದು ನಮ್ಮ ನಿಯಮ, ಹಾಗಾಗಿ ನಾನು ಸುಮ್ಮನೆ ಕಥೆ ಶುರು ಮಾಡಿದೆ. ನೌಕೆ ನಿಂತಲ್ಲೇ ನಿಂತಿತ್ತು.

"ಅಕ್ಕಾ, ಜಹಾಜ ಯಾಕ್ ಹೊಂಟಿಲ್ಲ?" ಎಂದು ಒಬ್ಬ ಕೇಳಿದ.

"ಓಡಸಾವ್ರು ಯಾರಪಾ? ನಿಮ್ಮಾಗ ಚಾಲಕ ಒಬ್ಬನೂ ಇಲ್ಲ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಹಿರಿಯನೊಬ್ಬ ನನಗೇ ಸಮಾಧಾನ ಹೇಳಿದ: "ಡ್ರೈವರನ್ನ ಮಾಲಕ ಕೊಡತಾನಲ್ರಿ. ಗಾಡಿ ಸಂಗಟ ಡ್ರೈವರ್ ಬರತಾನ. ನಾವ್ಯಾಕ ಓಡಸಬೇಕು? ದಿನಾ ಅದೇ ಮಾಡ್ತೀವಿ."

ಪುಣೆಯಲ್ಲಿ ಎಲ್ಲರಿಗೂ ಬೇಕಾದ ವರ್ಗ ಚಾಲಕ. ಅಲ್ಲಿ ಅದಕ್ಕಾಗಿ ಜಗಳವಾಗುತ್ತಿತ್ತು. ಇಲ್ಲಿ ಅದನ್ನು ಮುಟ್ಟುವವರಿಲ್ಲ. ಅಂಕಿಯಲ್ಲಿ ಚಾಲಕನ ಬಲ ಎರಡೂ ಕಡೆ ಒಂದೇ ಇತ್ತು. ತೂಕ ಕಾಗದದ ಮೇಲೆ ಮಾತ್ರ ಇರುವುದಿಲ್ಲ, ಕೂತ ಜನರ ಮೈಯಲ್ಲೂ ಇರುತ್ತದೆ ಎಂದು ಆವತ್ತು ತಿಳಿಯಿತು. ಆ ಸಂಜೆ ಸೈನಿಕರೆಲ್ಲ ಸೇರಿ ನೌಕೆಯನ್ನು ನೂಕಿ ಚಾಲೂ ಮಾಡುತ್ತೇವೆ ಎಂದರು. ಬಾಹ್ಯಾಕಾಶದಲ್ಲಿ ನಿಂತುಕೊಳ್ಳಲು ನೆಲ ಎಲ್ಲಿದೆ ಎಂದು ನಾನು ಕೇಳಬೇಕಾಯಿತು. ಧಾಬಾದವನು ನಕ್ಕೂ ನಕ್ಕೂ ನಮ್ಮ ರೊಟ್ಟಿ ಕರಕಲು ಮಾಡಿದ.

ನಿಲಂಗಾದಲ್ಲಿ ಶೋಭಾ ಎಂಬ ಹೆಣ್ಣುಮಗಳು ವೈದ್ಯೆಯಾಗಿ ಆಡುತ್ತಿದ್ದಳು. ಹೊಲಿಗೆ ತರಗತಿ ನಡೆಸುವವಳು, ಚುರುಕು. ಆಡುವುದು ಅವಳ ಮನೆಯಲ್ಲೇ. ಪ್ರತಿ ಸಲ ಆಟ ಬಿಸಿಯೇರಿದಾಗ ಶೋಭಾ ಎದ್ದು ಚಹಾ ಮಾಡಲು ಹೋಗುತ್ತಿದ್ದಳು. ಮನೆಯಾಕೆ, ಉಪಚಾರ ಮಾಡುತ್ತಾಳೆ ಎಂದುಕೊಂಡೆ. ಒಮ್ಮೆ ಅವರ ಒಪ್ಪಿಗೆ ಕೇಳಿಯೇ ಅವಳಿಗೆ ಸೈನಿಕ ವರ್ಗ ಕೊಟ್ಟು ಬೇರೊಬ್ಬನನ್ನು ವೈದ್ಯನಾಗಿಸಿದೆ. ಆವತ್ತು ಚಹಾ ಮಾಡಲು ಎದ್ದವನು ಅವನು! ಅವಳ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೂಗಿ ಕೇಳುತ್ತಿದ್ದ. ಯಾರಿಗಾದರೂ ಗಾಯವಾಗುವವರೆಗೆ ವೈದ್ಯನಿಗೆ ಕೆಲಸವೇ ಇರಲಿಲ್ಲ ಎಂಬುದು ಆಗ ಹೊಳೆಯಿತು.

ಅಂದಿನಿಂದ ನನ್ನದೇ ಒಂದು ಪರೀಕ್ಷೆ ಮಾಡಿಕೊಂಡೆ. ಚಹಾಕ್ಕೆ ಯಾರು ಏಳುತ್ತಾರೆ, ಮೊದಲು ಫೋನು ತೆಗೆಯುವವರು ಯಾರು, ಅದನ್ನು ನೋಡು. ದುರ್ಬಲ ವರ್ಗ ಅವರದು. ಹೊಸಬರಿಗೆ ಹೇಳುತ್ತೇನೆ, ಈ ಪರೀಕ್ಷೆಯನ್ನು ನಂಬಿ. ಆದರೆ ಮದ್ದು ಹಾಕುವಾಗ ಅಳತೆ ಇರಲಿ. ನಾವು ವೈದ್ಯೆಗೆ ಬಲ ಸುರಿದೆವು, ಮುಟ್ಟಿದರೆ ಸಾಕು ಗಾಯ ಮಾಯ. ಮುಂದಿನ ಸಲ ನಿಲಂಗಾಕ್ಕೆ ಹೋದರೆ ಜನ ಬೇಕೆಂದೇ ಕಂದಕಕ್ಕೆ ಹಾರುತ್ತಿದ್ದಾರೆ. "ಏನಾಗಂಗಿಲ್ಲ ಬಿಡ್ರಿ, ನಮ್ಮ ಶೋಭಾ ಅದಾಳ!" ಶೋಭಾ ಕೈಮುಗಿದು, "ಅಕ್ಕಾ, ಇದಕಿಂತ ಚಹಾ ಮಾಡೂದೇ ಬೇಷಿತ್ತು" ಎಂದಳು.

ಈಗ ಉದಗೀರಕ್ಕೆ ಬರುತ್ತೇನೆ. ಬರೆಯಲು ಕೂತದ್ದೇ ಅದಕ್ಕಾಗಿ.

ಉದಗೀರದ ಮೇಜು ಒಂದು ವಾಚನಾಲಯದ ಹಿಂಗೋಣೆಯಲ್ಲಿ, ಭಾನುವಾರ ಮಧ್ಯಾಹ್ನ. ಸೂತ್ರಧಾರಳು ನಾನೇ. ಅಲ್ಲಿ ಕಾಯಂ ಆಗಿ ಬರುತ್ತಿದ್ದವರಲ್ಲಿ ಇಬ್ಬರನ್ನು ಹೇಳಬೇಕು. ಒಬ್ಬ ಸಂಗಮೇಶ, ಜಳಕೋಟದ ಕಡೆ ಸ್ವಂತ ಹೊಲವಿದ್ದ ರೈತ, ಕೊರಳಲ್ಲಿ ಲಿಂಗ, ಬಾಯಲ್ಲಿ ಸದಾ ಚೇಷ್ಟೆ. ಅವನದು ಸೈನಿಕ ವರ್ಗ. ಇನ್ನೊಬ್ಬ ಮಾಳಪ್ಪ, ಬೀರಪ್ಪ ದೇವರ ಒಕ್ಕಲು, ಕುರಿ ಸಾಕುವ ಮನೆಯವನು, ಬಿ.ಎ. ಮುಗಿಸಿದವನು. ಸಂಗಮೇಶನ ಹೊಲದಲ್ಲಿ ಗೊಬ್ಬರಕ್ಕೆಂದು ಮಾಳಪ್ಪನ ಮನೆಯ ಕುರಿಗಳನ್ನು ರಾತ್ರಿ ತರುಬಿ ನಿಲ್ಲಿಸುವುದು ಅಜ್ಜಂದಿರ ಕಾಲದ ರೂಢಿ. ಹಾಗಾಗಿ ಇಬ್ಬರೂ ಬೈದಾಡಿಕೊಳ್ಳುವ ಸಲಿಗೆಯಲ್ಲಿದ್ದರು.

ಮಾಳಪ್ಪ ಆರಿಸಿಕೊಂಡದ್ದು ಕಾವಲುಗಾರ. ಐದರಲ್ಲಿ ಅತಿ ಬಡಪಾಯಿ ವರ್ಗ. ಉಳಿದವರು ಗ್ರಹಕ್ಕೆ ಇಳಿದಾಗ ಕಾವಲುಗಾರ ನೌಕೆಯಲ್ಲೇ ಉಳಿದು ಬಾಗಿಲು ಕಾಯಬೇಕು, ಅಷ್ಟೇ. ಬೇರೆ ಊರುಗಳಲ್ಲಿ ಅದನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಆದರೆ ಮಾಳಪ್ಪ ಒಮ್ಮೆಯೂ ಚಹಾಕ್ಕೆ ಏಳಲಿಲ್ಲ, ಫೋನು ಮುಟ್ಟಲಿಲ್ಲ. ಮೇಲಾಗಿ ಉದಗೀರದ ಮೇಜಿನಲ್ಲಿ ಪಾತ್ರಗಳು ಸಾಯುವುದೇ ಅಪರೂಪ. ನನ್ನ ಪರೀಕ್ಷೆ ಇಲ್ಲಿ ಮಕಾಡೆ ಬಿದ್ದಿತ್ತು.

ಜೋಶಿ ಸರ್‌ಗೆ ಈ ಲೆಕ್ಕ ಕಳಿಸಿದರೆ ಫೋನಿನಲ್ಲಿ ಹೇಳಿದರು, "ಮಹಾದೇವಿ, ಉದಗೀರದ್ದು ಬಿಟ್ಟುಬಿಡಿ. ನೀವು ನಿಮ್ಮ ಊರವರನ್ನು ಉಳಿಸುತ್ತಿದ್ದೀರಿ. ಈ ಸಲ ಪುಸ್ತಕದಿಂದ ಕಾವಲುಗಾರನನ್ನು ತೆಗೆದುಹಾಕೋಣ. ನಾಲ್ಕು ವರ್ಗ ಸಾಕು."

ನನಗೆ ಸಿಟ್ಟು ಬಂತು. ಸೂತ್ರಧಾರಳಾಗಿ ನಾನು ಪಕ್ಷಪಾತ ಮಾಡುತ್ತೇನೆಯೇ? ಆದರೂ ಮುಂದಿನ ಭಾನುವಾರ ಮೇಜಿನ ಮುಂದೆ ವಿಷಯ ಇಟ್ಟೆ.

ಮಾಳಪ್ಪ ದಾಳವನ್ನು ಮೇಜಿನ ನಡುವೆ ಸರಿಸಿಟ್ಟ. "ತೆಗೀರಿ ಅಕ್ಕಾ. ಪುಸ್ತಕ ನಿಮ್ಮದು. ಆದ್ರ ನನಗ ಕುರ್ಚಿ ಇಡಬ್ಯಾಡ್ರಿ."

"ಬ್ಯಾರೆ ವರ್ಗ ತಗೋಪಾ. ಚಾಲಕ ಆಗು."

"ಹಿಂದ ಉಳದಂವಗ ಕೆಲಸಿಲ್ಲ ಅಂತ ಬರದ್ರ, ನಾ ಇಲ್ಲಿ ಕೂಡೂದು ಹ್ಯಾಂಗ್ರಿ? ನಮ್ಮ ಮನ್ಯಾಗ ಉಳದಂವ ನಾನೇ ಅದೀನಿ."

ಅವನ ಇಬ್ಬರು ತಮ್ಮಂದಿರು ಕುರಿ ಹಿಂದೆ ಊರೂರು ತಿರುಗುತ್ತಾರೆ. ಬಿ.ಎ.ಗೆ ಮುಂಚೆ ತಾನೂ ತಿರುಗಿ ಬಂದ ಮಾಳಪ್ಪ ಈಗ ಮನೆಯಲ್ಲಿ ಉಳಿದು ಎಳೆಮರಿ, ಕುಂಟು ಕುರಿ, ಮೂರೂ ಮನೆಯ ಮಕ್ಕಳ ಶಾಲೆ ನೋಡಿಕೊಳ್ಳುತ್ತಾನೆ. ಹೊರಗಿನವರು ಅವನನ್ನು ಕೂತು ಉಣ್ಣುವವನು ಎನ್ನುವುದೂ ಇತ್ತು. ಅದೆಲ್ಲ ಗೊತ್ತಿದ್ದೂ ನಾನು ವರ್ಗದ ಮಾತು ಆಡಿದ್ದೆ. ಆ ಭಾನುವಾರ ಆಟ ಆಗಲಿಲ್ಲ. ಇಂಥವನೊಬ್ಬ ಮೇಜು ಬಿಟ್ಟು ಹೋದರೆ ನನ್ನ ಇಷ್ಟು ವರ್ಷದ ಕೆಲಸಕ್ಕೆ ಏನು ಅರ್ಥ ಎಂದು ಬಹಳ ಸಂಕಟವಾಯಿತು.

ಎರಡು ದಿನ ಬಿಟ್ಟು ದೇವಣಿ ರಸ್ತೆಯಲ್ಲಿದ್ದ ಅವನ ಮನೆಗೆ ಹೋದೆ, ಮನವೊಲಿಸೋಣ ಎಂದು. ಹೋದ ಹೊತ್ತಿಗೆ ತಮ್ಮಂದಿರು ಕುರಿ ಹೊಡೆದುಕೊಂಡು ಹೊರಡುವವರಿದ್ದರು. ಕುದುರೆಯ ಮೇಲೆ ಸಾಮಾನು ಹೇರಿಯಾಗಿತ್ತು, ಕಂಬಳಿ ಹೆಗಲೇರಿತ್ತು, ನಾಯಿಗಳು ಅವಸರ ಮಾಡುತ್ತಿದ್ದವು. ಆದರೂ ಯಾರೂ ಹೆಜ್ಜೆ ಕಿತ್ತಿಡಲಿಲ್ಲ. ಮಾಳಪ್ಪ ಒಳಗಿಂದ ಬೀರಪ್ಪನ ಭಂಡಾರದ ಬಟ್ಟಲು ತಂದ. ದೊಡ್ಡ ತಮ್ಮ ಹಣೆ ಮುಂದೆ ಮಾಡಿ ನಿಂತ.

"ಯಾ ಕಡಿ?"

"ಜಳಕೋಟ ಕಡಿ."

"ಯಾರ ಹೊಲದಾಗ ತರಬ್ತಿ?"

"ಸಂಗಮೇಶಪ್ಪಾರ ಹೊಲದಾಗ."

"ಯಾವಾಗ ಬರ್ತಿ?"

"ಅಮಾಸಿಗಿ ಬರತೀನಿ."

ಮಾಳಪ್ಪ ಹಣೆಗೆ ಅರಿಶಿನದ ಭಂಡಾರ ಬಳಿದು, "ಹೋಗಿ ಬಾ" ಎಂದ. ಆಮೇಲೆ ಚಿಕ್ಕವನಿಗೂ ಅದೇ ಪ್ರಶ್ನೆಗಳು. ಇಬ್ಬರೂ ಹೋಗುವುದು ಒಂದೇ ಕಡೆಗೆ, ಆದರೂ ಅವನೂ ಬೇರೆಯಾಗಿ ಹೇಳಬೇಕು. ಹೇಳದೆ ಹೊರಟವನ ಮಂದೆಗೆ ಬೀರಪ್ಪನ ನೆರಳಿಲ್ಲವಂತೆ. "ಅಮಾಸಿಗಿ ಬರಲಿಲ್ಲಂದ್ರ ನಾ ಹುಡುಕ್ಲಾಕ ಹೋಗತೀನಿ. ಎಲ್ಲಿ ಹುಡುಕಬೇಕಂತ ಗೊತ್ತಿರಬೇಕಲ್ರಿ" ಎಂದ ಮಾಳಪ್ಪ. ವರ್ಷದ ಕೊನೆಗೆ ಮರಿ ಹಂಚುವಾಗ ಮೂವರಿಗೂ ಬರಾಬರಿ ಪಾಲು.

ನಾನು ಅಂಗಳದಲ್ಲಿ ನಿಂತವಳು ನಿಂತೇ ಇದ್ದೆ. ಮೇಜಿನಲ್ಲಿ ಮಾಳಪ್ಪ ಮಾಡುತ್ತಿದ್ದುದೂ ಇದನ್ನೇ! ಯಾರೇ ಗ್ರಹಕ್ಕೆ ಇಳಿಯುವ ಮುಂಚೆ, "ತಡೀರಿ, ಎಲ್ಲಿಗಿ ಹೊಂಟೀರಿ ಹೇಳ್ರಿ" ಎಂದು ಬಾಗಿಲಲ್ಲಿ ಅಡ್ಡ ಹಾಕುತ್ತಿದ್ದ. ನಮ್ಮ ಪುಸ್ತಕದಲ್ಲಿ ಅಂಥ ನಿಯಮವಿರಲಿಲ್ಲ. ಅವನು ತಾನಾಗಿ ಕೇಳುತ್ತಿದ್ದ, ಉಳಿದವರು ಹೇಳುತ್ತಿದ್ದರು. ಹೇಳುವ ನೆಪದಲ್ಲಿ ಯೋಚಿಸುತ್ತಿದ್ದರು, ಅದಕ್ಕೇ ಬದುಕಿ ಬರುತ್ತಿದ್ದರು. ಇದು ಈ ಕಡೆಯ ಮಾತು, ಹರಟೆ ಎಂದು ನಾನು ಗಮನಕ್ಕೇ ತಂದುಕೊಂಡಿರಲಿಲ್ಲ. ಅವನಿಗೆ ಬೇಸರ ಯಾಕೆ ಬರಬೇಕು? ಪ್ರತಿಯೊಬ್ಬರ ಸರದಿಗೂ ಮೊದಲು ಅವನದೇ ಸರದಿ ಇತ್ತು.

ಇಷ್ಟು ದಿನ ನಾವು ಬಲ ಸಮ ಮಾಡಲು ಒದ್ದಾಡಿದ್ದೆವು. ಸಮ ಮಾಡಬೇಕಾದದ್ದು ಸರದಿಯನ್ನು. ತವರುಮನೆಗೆ ಬಂದು ಹೊಸ ನಿಯಮ ಬರೆದೆ. ಇಳಿಯುವವರು ಕಾವಲುಗಾರನಿಗೆ ಎಲ್ಲಿಗೆ, ಯಾತಕ್ಕೆ, ಯಾವಾಗ ಮರಳುವುದು ಎಂದು ಹೇಳಬೇಕು. ಹೇಳಿದವರು ಆಪತ್ತಿಗೆ ಸಿಕ್ಕಿದರೆ ಕಾವಲುಗಾರ "ವಾಪಸ್ ಬಾ" ಎಂದು ಕರೆಯಬಹುದು, ಆಗ ಅವರು ಮತ್ತೊಮ್ಮೆ ದಾಳ ಎಸೆಯಬಹುದು. ಹೇಳದೆ ಹೋದವರಿಗೆ ಕರೆಯಿಲ್ಲ.

ಜೋಶಿ ಸರ್‌ಗೆ ಫೋನು ಮಾಡಿ, "ತೆಗೆಯುವ ಮುಂಚೆ ಒಮ್ಮೆ ಬಂದು ಕೂಡ್ರಿ" ಎಂದೆ. ಮಾಳಪ್ಪನಿಗೆ, "ಈ ಒಂದು ಭಾನುವಾರ ಬಾ, ಆಮ್ಯಾಲ ನಿನ್ನ ಇಚ್ಛಾ" ಎಂದೆ. ಇಬ್ಬರೂ ಬಂದರು. ಸರ್ ರೈಲಿನಲ್ಲಿ ಬಂದರೂ ಅಂಗಿಯ ಇಸ್ತ್ರಿ ಕೆಟ್ಟಿರಲಿಲ್ಲ.

ಹೊಸ ನಿಯಮ ಓದಿ ಹೇಳಿದೆ. ಸರ್ ಸೈನಿಕ ವರ್ಗವನ್ನೇ ತೆಗೆದುಕೊಂಡರು, ಸಂಗಮೇಶನೂ ಸೈನಿಕ. ಗ್ರಹ ಬಂತು. ಸಂಗಮೇಶ ಹಣೆ ಮುಂದೆ ಮಾಡಿ, "ಉತ್ತರದ ಗುಡ್ಡಕ್ಕ ಹೊಂಟೀನಿ, ನೀರು ತರ್ಲಾಕ, ಹೊತ್ತು ಮುಣುಗೂದ್ರಾಗ ಬರತೀನಿ, ಬಾಗಲಾ ತಗೀ ಮಾರಾಯಾ" ಎಂದ. ಮಾಳಪ್ಪ ಸರ್ ಕಡೆ ತಿರುಗಿದ.

"ಸರ್, ತಾವು ಎಲ್ಲಿಗಿ ಹೊಂಟೀರಿ?"

"ನೋಡೋಣ. ಬಂದೂಕು ಇದೆಯಲ್ಲ" ಎಂದು ಸರ್ ಮೀಸೆಯಲ್ಲಿ ನಕ್ಕರು.

ಮಾಳಪ್ಪ ಬಾಗಿಲು ತೆರೆದ. ನಾನು ಇಬ್ಬರಿಗೂ ಒಂದೇ ಮರಳಿನ ಬಿರುಗಾಳಿ ಕಳಿಸಿದೆ, ಪಕ್ಷಪಾತದ ಮಾತು ಮತ್ತೆ ಬರಬಾರದೆಂದು. ಇಬ್ಬರ ದಾಳವೂ ಕೆಟ್ಟದಾಗಿ ಬಿತ್ತು. ಮಾಳಪ್ಪ ಎದ್ದು ನಿಂತು, "ಸಂಗಮೇಶಾ, ವಾಪಸ್ ಬಾರೋ!" ಎಂದು ಕೂಗಿದ ರಭಸಕ್ಕೆ ವಾಚನಾಲಯದಲ್ಲಿ ಪತ್ರಿಕೆ ಓದುತ್ತಿದ್ದವರು ಇಣುಕಿದರು. ಸಂಗಮೇಶ ಮತ್ತೆ ದಾಳ ಎಸೆದು ಪಾರಾದ.

"ಮತ್ತೆ ನನಗೆ?" ಎಂದರು ಸರ್.

"ಎಲ್ಲಿ ಅಂತ ಕರೀಲ್ರಿ ಸರ್? ನೀವು ಹೇಳೇ ಇಲ್ಲ." ಮಾಳಪ್ಪನ ದನಿಯಲ್ಲಿ ಅಣಕವಿರಲಿಲ್ಲ, ನಿಜವಾಗಿಯೂ ಸಂಕಟಪಡುತ್ತಿದ್ದ. ಸರ್ ಅವರ ಸೈನಿಕ ಮರಳಿನಲ್ಲಿ ಹೂತುಹೋದ.

ಸರ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಇನ್ನೊಂದು ಆಟ ಹಚ್ಚಿ" ಎಂದರು. ಆ ಎರಡನೇ ಆಟದಲ್ಲಿ ಇಳಿಯುವ ಹೊತ್ತಿಗೆ ಎಲ್ಲರಿಗಿಂತ ಮೊದಲು ಮಾಳಪ್ಪನ ಮುಂದೆ ಹೋಗಿ ಬಗ್ಗಿ ಹಣೆ ಕೊಟ್ಟು ನಿಂತವರು ಜೋಶಿ ಸರ್. ಸಂಗಮೇಶ ನಗು ತಡೆಯಲಾರದೆ ಮೇಜಿನ ಕೆಳಗೆ ದಾಳ ಹುಡುಕುವ ನೆಪ ಮಾಡಿದ.

ಕಾವಲುಗಾರ ಪುಸ್ತಕದಲ್ಲಿ ಉಳಿದ. ಸರ್ ಮಾತ್ರ ಸುಮ್ಮನೆ ಒಪ್ಪುವವರಲ್ಲ. ಪುಣೆಗೆ ಹೋಗಿ ಕಂಪ್ಯೂಟರಿನಲ್ಲಿ ಆಡಿಸಿ, ನನ್ನ ನಿಯಮದಲ್ಲಿ ಕಾವಲುಗಾರ ಮನಬಂದಷ್ಟು ಸಲ ಕರೆಯಬಹುದೆಂದು, ಹಾಗಾದರೆ ಯಾರೂ ಸೋಲುವುದೇ ಇಲ್ಲವೆಂದು ತೋರಿಸಿದರು. ನಿಲಂಗಾದ ಶೋಭಾಳ ಕಥೆಯೇ ಮರುಕಳಿಸುತ್ತಿತ್ತು. ಒಂದು ಇಳಿತಕ್ಕೆ ಒಂದೇ ಕರೆ ಎಂದು ಅವರು ತಿದ್ದಿದರು. ಅಂಕಿಯೂ ಬೇಕು, ಅಂಗಳವೂ ಬೇಕು. ಇನ್ನೊಂದು ಮಾತು: ಆವತ್ತು ಉದಗೀರದ ಪ್ಲಾಟ್‌ಫಾರ್ಮಿನಲ್ಲಿ ರೈಲು ಹತ್ತುವ ಮೊದಲು ಸರ್ ಮನೆಗೆ ಫೋನು ಮಾಡಿ, ಯಾವ ಗಾಡಿ, ಯಾವಾಗ ಮುಟ್ಟುತ್ತೇನೆ ಎಂದು ಹೆಂಡತಿಗೆ ಹೇಳುತ್ತಿದ್ದರು. ಆಕೆ ಆ ಕಡೆಯಿಂದ, ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದಳಂತೆ.

ಕಳೆದ ವರ್ಷ ನಾನು ನಿವೃತ್ತಳಾದೆ. ಹಾರ, ಶಾಲು, ಭಾಷಣ ಎಲ್ಲ ಆಯಿತು. ಉದಗೀರಕ್ಕೆ ಬಂದು ಮನೆ ಮಾಡಿದೆ. ಸುಖವಾಗಿಯೇ ಇದ್ದೆ. ಆದರೆ ಬೆಳಿಗ್ಗೆ ಚಹಾ ಮಾಡಿಕೊಂಡು, ಮುಗಿಯುತ್ತಲೇ ಮತ್ತೊಮ್ಮೆ ಚಹಾಕ್ಕೆ ಏಳುವುದು ಶುರುವಾಯಿತು. ಒಂದು ದಿನ ಹಾಲಿನ ಪಾತ್ರೆ ಹಿಡಿದು ನಿಂತಾಗ ನನಗೇ ನಗು ಬಂತು. ನನ್ನದೇ ಪರೀಕ್ಷೆಯಲ್ಲಿ ನಾನೇ ಸಿಕ್ಕಿಬಿದ್ದಿದ್ದೆ. ನಗು ನಿಂತ ಮೇಲೆ ಸ್ವಲ್ಪ ಹೆದರಿಕೆಯೂ ಆಯಿತು. ನನ್ನ ಸರದಿ ಮುಗಿಯಿತೇ?

ಆ ಭಾನುವಾರ ವಾಚನಾಲಯಕ್ಕೆ ಹೋದೆ. ಈಗ ಸೂತ್ರಧಾರ ಪುಣೆಯಿಂದ ಬಂದ ಹೊಸ ಹುಡುಗಿ, ನನ್ನ ಜಾಗಕ್ಕೆ ಸೇರಿದವಳು. ಮೂಲೆಯಲ್ಲಿ ಕೂತು ನೋಡೋಣ ಎಂದು ಕುರ್ಚಿ ಎಳೆದುಕೊಳ್ಳುತ್ತಿದ್ದೆ. ಮಾಳಪ್ಪ ಬಂದು ಆ ಕುರ್ಚಿಯನ್ನೇ ಎತ್ತಿ ಮೇಜಿಗೆ ಹಾಕಿದ, ತಾನು ಇಷ್ಟು ವರ್ಷ ಕೂರುತ್ತಿದ್ದ ಕಡೆಗೆ.

"ಇಲ್ಲಿ ಕೂಡ್ರಿ ಅಕ್ಕಾ. ಈ ಸಲ ನಾ ಚಾಲಕ. ನಮ್ಮ ಸಣ್ಣ ತಮ್ಮಗ ಮನಿ ನೋಡ್ಲಾಕ ಬಿಟ್ಟು, ಮುಂದಿನ ತಿಂಗಳ ನಾನೂ ಮತ್ತ ಕುರಿ ಸಂಗಟ ಹೋಗಾಂವ ಅದೀನಿ."

"ಮತ್ತ ಕಾವಲಿಗಿ ಯಾರೋ?"

"ಭಾಳ ತಿರುಗಿ ಬಂದವರ್ನೇ ಕೂಡಸ್ತಾರ್ರಿ ನಮ್ಮಲ್ಲಿ. ದಾರಿ ಗೊತ್ತಿರತಾವ, ಕರ್ಯಾಕ ಬರತದ."

ಕೂತೆ. ಆಟ ಶುರುವಾಯಿತು. ನೌಕೆ ಒಂದು ಕೆಂಪು ಗ್ರಹದ ಮುಂದೆ ನಿಂತಿತು. ಇಳಿಯುವವರು ಎದ್ದರು, ಆದರೆ ಯಾರೂ ದಾಳ ಮುಟ್ಟಲಿಲ್ಲ. ಮಾಳಪ್ಪ ಮೇಜು ಸುತ್ತಿ ನನ್ನ ಹತ್ತಿರ ಬಂದು, ಹಣೆ ಮುಂದೆ ಮಾಡಿ ನಿಂತ. ಅವನ ಹಿಂದೆ ಸಂಗಮೇಶ, ಅವನ ಹಿಂದೆ ಉಳಿದವರು. ಹೊಸ ಹುಡುಗಿಯೂ ಪೆನ್ನು ಕೆಳಗಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದಳು.

"ಯಾ ಕಡಿ ಹೊಂಟೀಪಾ?" ಎಂದೆ.

ಅವನು ಹೇಳಿದ. ಎಲ್ಲಿಗೆ, ಯಾತಕ್ಕೆ, ಯಾವಾಗ ಬರುತ್ತೇನೆ, ಎಲ್ಲ ಹೇಳಿದ. ನಾನು ಅವನ ಹಣೆಗೆ ಬರಿಗೈಯ ಬೆರಳು ಒತ್ತಿ, ಹೋಗಿ ಬಾ ಎಂದೆ.